ನೊಂದವನ ಫಿರ್ಯಾದು

ಅಪರಾಧವೆಂಬುದು ಇಡೀ ಸಮಾಜದ ವಿರುದ್ಧ ಎಸಗಿದ ಪಾತಕ, ಆದುದರಿಂದ ಸರ್ಕಾರವೇ ಅದರ ವಾದಿ ಎಂದು ಓದಿದ್ದೇವೆ. ತತ್ತ್ವ ಸರಿಯಾದುದೇ. ಬಡವನು ತನ್ನ ವ್ಯಾಜ್ಯವನ್ನು ತಾನೇ ಹೊರಬೇಕಾಗಿದ್ದರೆ ಊರಿನ ಬಲಾಢ್ಯನು ಯಾವ ಕಾಲಕ್ಕೂ ಕಟಕಟೆ ಹತ್ತುತ್ತಿರಲಿಲ್ಲ. ಆದರೆ ಠಾಣೆಯಲ್ಲಿ ದೂರನ್ನೇ ಬರೆದುಕೊಳ್ಳದಿದ್ದರೆ ಈ ವಾದಿಯನ್ನು ಎಲ್ಲಿ ಹುಡುಕೋಣ?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೀಗಾಗಿ ಓಣಿಯ ಅರ್ಜಿಗಳೆಲ್ಲ ನನ್ನ ಪಾಲಿಗೆ. (ಪಡಿತರ ಚೀಟಿಗೂ ಪೋಲೀಸು ದೂರಿಗೂ ಒಂದೇ ಒಕ್ಕಣೆ ಸಾಕೆಂದು ನಮ್ಮವರ ನಂಬಿಕೆ!) ಬರೆಸಿಕೊಂಡವರು ಕೊನೆಗೆ ಕೇಳುವುದೊಂದೇ: "ಸಾಹೇಬ್ರು ತಗೊಳ್ಳದಿದ್ರೆ ಏನಪ್ಪಾ ಮಾಡೋದು?"

ಉತ್ತರ ಕಾಯಿದೆಯಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಠಾಣೆಯವರು ನಿರಾಕರಿಸಿದರೆ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆಯಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. 223ನೆಯ ಕಲಮಿನಂತೆ ಪೋಲೀಸರ ಹಂಗಿಲ್ಲದೆಯೇ ಖಾಸಗಿ ಫಿರ್ಯಾದು ಹೂಡಬಹುದು. ಚನ್ನಗಿರಿ, ಹೊನ್ನಾಳಿ, ಜಗಳೂರುಗಳಲ್ಲಿ ನ್ಯಾಯಾಲಯಗಳೂ ಇವೆ.

ಪೋಲೀಸರಿಗೆ ಸಾಮರ್ಥ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕಿನಿಂದ ಕಳುವಾದ 17 ಕಿಲೋಗೂ ಮಿಕ್ಕಿದ ಚಿನ್ನವನ್ನು ಮರುವರ್ಷ ತಮಿಳುನಾಡಿನ ಬಾವಿಯೊಂದರಿಂದ ಮೇಲೆತ್ತಿ ತಂದವರು ಅವರೇ. ಅದೇ ಶ್ರದ್ಧೆ ಕುರಿ ಕಳೆದುಕೊಂಡವನ ದೂರಿಗೂ ಸಿಗಬೇಕೆಂಬುದಷ್ಟೇ ನನ್ನ ವಾದ.

ಇನ್ನು ದೂರು ಪೋಲೀಸರ ಮೇಲೆಯೇ ಇದ್ದರೆ? 2024ರ ಮೇ ತಿಂಗಳಲ್ಲಿ ಚನ್ನಗಿರಿ ಠಾಣೆಗೆ ಕರೆತಂದ ಯುವಕನೊಬ್ಬ ಮೃತನಾದ. ಲಾಕಪ್ಪಿನ ಸಾವೆಂದು ಬಂಧುಗಳು ಆರೋಪಿಸಿದರು, ಅಲ್ಲವೆಂದಿತು ಸರ್ಕಾರ. ಆ ರಾತ್ರಿ ಠಾಣೆಯ ಮೇಲೆ ಕಲ್ಲು ಬಿದ್ದವು, ಪೋಲೀಸರು ಗಾಯಗೊಂಡರು. ಇಬ್ಬರು ಅಧಿಕಾರಿಗಳು ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಸತ್ಯವನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ, ಕಲ್ಲೆಸೆತವನ್ನು ಸಮರ್ಥಿಸಲಾರೆ. ಆದರೆ ಇಂಥ ಸಾವಿಗೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯವೆಂಬುದು ಆ ಗುಂಪಿನಲ್ಲಿ ಎಷ್ಟು ಜನಕ್ಕೆ ತಿಳಿದಿದ್ದೀತು?

ಫಿರ್ಯಾದಿಯ ಹಾದಿ ಹೂವಿನದೇನಲ್ಲ. ನಮ್ಮ ರಾಜ್ಯದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಮೊಕದ್ದಮೆಯನ್ನು ನೋಡಿರಿ. ಹಲ್ಲೆಯಾದದ್ದು 2009ರಲ್ಲಿ, ಆಪಾದಿತರು ಖುಲಾಸೆಯಾದದ್ದು 2013ರಲ್ಲಿ. ನೊಂದವನ ಅಪೀಲು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಖುಲಾಸೆಯ ವಿರುದ್ಧ ನೊಂದವನು ಅಪೀಲು ಹೋಗಲು ಕೋರ್ಟಿನ ಮುನ್ನನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟು ಸಾರಿದ್ದು 2018ರ ಅಕ್ಟೋಬರ್ 12ರಂದು. ಅಷ್ಟರಲ್ಲಿ ಆತನೇ ತೀರಿಕೊಂಡಿದ್ದ. ಮೊಕದ್ದಮೆಯನ್ನು ಮುಂದುವರಿಸಿದವರು ವಾರಸುದಾರರು.

ಸುಳ್ಳು ಫಿರ್ಯಾದುಗಳು ಹೆಚ್ಚುವುವೆಂದು ಆಕ್ಷೇಪಿಸುವವರುಂಟು. ಹಗೆ ಸಾಧಿಸಲು ಕೋರ್ಟಿಗೆ ಹೋಗುವವರು ಇಲ್ಲದಿಲ್ಲ. ಪೋಲೀಸು ತನಿಖೆ ಬೇಡುವವನು ಪ್ರಮಾಣಪತ್ರ ಸಲ್ಲಿಸಬೇಕೆಂಬ ನಿಯಮ ಅದಕ್ಕಾಗಿಯೇ ಬಂದಿದೆ, ಅದು ನ್ಯಾಯವಾದುದೂ ಹೌದು. ಆದರೆ ಖಾಸಗಿ ಫಿರ್ಯಾದನ್ನು ವಿಚಾರಣೆಗೆ ಅಂಗೀಕರಿಸುವ ಮುನ್ನವೇ ಆಪಾದಿತನ ಮಾತನ್ನೂ ಕೇಳಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಸಾಕ್ಷಿಗಳು ಊರಿನಲ್ಲೇ ಇರುವಾಗ ಬಲಾಢ್ಯನಿಗೆ ಇಂಥ ಮುನ್ಸೂಚನೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಹೊಟ್ಟೆಯದು. ಜಗಳೂರು ಸೀಮೆಯ ಕೂಲಿಯವನಿಗೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಖೋತಾ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಲ್ಪ ಆದಾಯದವರಿಗೆ ಉಚಿತ ವಕೀಲರನ್ನು ಕೊಡುವ ಕಾಯಿದೆ 1987ರಲ್ಲೇ ಬಂದಿದೆ. ಫಿರ್ಯಾದಿಯ ಓಡಾಟದ ಖರ್ಚನ್ನು ಸರ್ಕಾರದಿಂದ ಕೊಡಿಸುವ ಅಧಿಕಾರವೂ ಕೋರ್ಟಿಗಿದೆ. ಅದನ್ನು ಕೇಳಿ ಪಡೆದವರನ್ನು ನಮ್ಮ ಓಣಿಯಲ್ಲಿ ನಾನು ಇನ್ನೂ ಕಂಡಿಲ್ಲ.