ಹಾಕಿದರೆ ಸಾಲದು, ಸಿಗಬೇಕು



ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಹೋದ ವರ್ಷ ಕನ್ನಡ ಶಾಲೆಯ ಕಾರ್ಯಕ್ರಮದಲ್ಲಿ ನಿಮ್ಮ ಮಗು ಹೇಳಿದ ಪದ್ಯದ ವಿಡಿಯೊವನ್ನು ಹುಡುಕಿ ತೆಗೆಯಿರಿ. ಸಿಕ್ಕಿತೇ? ಅಥವಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆರಳು ನೋಯುವಷ್ಟು ಮೇಲಕ್ಕೆ ಸರಿಸುತ್ತಲೇ ಇದ್ದೀರಾ?

ನಮ್ಮ ಮನೆಯಲ್ಲಿ ಈಚೆಗೆ ಇದೇ ಆಯಿತು. ಊರಿನಿಂದ ಅತ್ತೆ ಫೋನ್ ಮಾಡಿ, ಮೊಮ್ಮಗಳು ಹಾಡಿದ ‘ಗೋವಿನ ಹಾಡು’ ಇನ್ನೊಮ್ಮೆ ಕಳಿಸಿ ಎಂದರು. ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಎರಡು ಗಂಟೆಯ ಒಂದು ಉದ್ದದ ವಿಡಿಯೊದ ನಡುವೆ ಅದು ಅಡಗಿ ಕೂತಿತ್ತು. ಶೀರ್ಷಿಕೆ ‘ಆನ್ಯುಯಲ್ ಡೇ ಪಾರ್ಟ್ 2’ ಎಂದಷ್ಟೇ, ಅದೂ ಇಂಗ್ಲಿಷಿನಲ್ಲಿ. ‘ಕನ್ನಡ’ ಎಂಬ ಪದ ಎಲ್ಲೂ ಇರಲಿಲ್ಲ. ಅದನ್ನು ಅಲ್ಲಿ ಹಾಕಿದವರಲ್ಲಿ ನಾನೂ ಒಬ್ಬ, ಆದ್ದರಿಂದ ದೂರು ಯಾರ ಮೇಲೂ ಅಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ನಾವು ಕನ್ನಡದ ವಿಡಿಯೊ ಮಾಡುವುದಕ್ಕೆ ಪಡುವ ಶ್ರಮದ ಹತ್ತರಲ್ಲಿ ಒಂದು ಪಾಲನ್ನಾದರೂ ಅದಕ್ಕೆ ಸರಿಯಾದ ವಿವರ ಬರೆಯುವುದಕ್ಕೆ ಕೊಡಬೇಕು. ಹುಡುಕಿದಾಗ ಸಿಗದ ವಿಡಿಯೊ, ನಮ್ಮ ಮಕ್ಕಳ ಪಾಲಿಗೆ ಇಲ್ಲದ ವಿಡಿಯೊವೇ.

ಹುಡುಕಾಟ ನಡೆಯುವುದು ಹೇಗೆ? ಕರಾಮಾದಲ್ಲೋ ಮುಸಫ್ಫಾದಲ್ಲೋ ಕೆಫೆಟೇರಿಯಾದ ಮುಂದೆ ಕಾರು ನಿಲ್ಲಿಸಿದ್ದನ್ನು ನೆನಪು ಮಾಡಿಕೊಳ್ಳಿ. ನಾವು ಅಡುಗೆಮನೆಗೆ ಹೋಗುವುದಿಲ್ಲ. ಒಬ್ಬರು ಕಾರಿನ ಬಳಿಗೆ ಬರುತ್ತಾರೆ, ನಾವು ‘ಎರಡು ಕರಕ್ ಚಹಾ, ಒಂದಕ್ಕೆ ಸಕ್ಕರೆ ಬೇಡ’ ಎನ್ನುತ್ತೇವೆ, ಅವರು ಒಳಗಿನಿಂದ ತಂದುಕೊಡುತ್ತಾರೆ. ಕಂಪ್ಯೂಟರಿನವರು ಎಪಿಐ ಎನ್ನುವುದು ಹೀಗೆ ನಡುವೆ ನಿಂತು ಆರ್ಡರ್ ಒಯ್ಯುವ ವ್ಯವಸ್ಥೆಯನ್ನೇ. ಒಂದು ಪ್ರೋಗ್ರಾಂ ವಿಡಿಯೊ ಭಂಡಾರವನ್ನು ಕೇಳುತ್ತದೆ, ಭಂಡಾರ ಪಟ್ಟಿ ಕೊಡುತ್ತದೆ. ‘ಸಕ್ಕರೆ ಬೇಡ’ ಎಂದೆವಲ್ಲ, ಅದು ಫಿಲ್ಟರ್.

ಯೂಟ್ಯೂಬಿನ ಎಪಿಐಯಲ್ಲಿ ಇಂಥ ಜರಡಿಗಳು ಹಲವಿವೆ. ಒಂದೇ ಚಾನೆಲ್‌ನಲ್ಲಿ ಹುಡುಕು ಎನ್ನಬಹುದು. ಇಂಥ ದಿನದ ನಂತರ ಬಂದದ್ದು ಮಾತ್ರ ಎನ್ನಬಹುದು. ನಾಲ್ಕು ನಿಮಿಷಕ್ಕಿಂತ ಚಿಕ್ಕದು, ನಾಲ್ಕರಿಂದ ಇಪ್ಪತ್ತು ನಿಮಿಷದ್ದು, ಅದಕ್ಕೂ ಉದ್ದದ್ದು ಎಂದು ವಿಂಗಡಿಸಬಹುದು. ‘ಕೆಎನ್’ ಎಂಬ ಎರಡಕ್ಷರದ ಗುರುತು ಕೊಟ್ಟು ಕನ್ನಡಕ್ಕೆ ಆದ್ಯತೆ ಕೇಳಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಭಾಷೆಯ ಜರಡಿ ಇನ್ನೂ ಕಟ್ಟುನಿಟ್ಟು: ಭಾಷೆಯ ಖಾನೆ ಖಾಲಿ ಬಿಟ್ಟ ವಿಡಿಯೊ, ಒಳಗೆ ಎಷ್ಟೇ ಸೊಗಸಾದ ಕನ್ನಡವಿದ್ದರೂ, ಕನ್ನಡದ ಪಟ್ಟಿಗೆ ಬರುವುದೇ ಇಲ್ಲ. ಬರೆಯದೆ ಬಿಟ್ಟದ್ದನ್ನು ಯಾವ ಜರಡಿಯೂ ಹಿಡಿಯಲಾರದು.

ನಮ್ಮ ಭಾಷೆಗೆ ಇನ್ನೊಂದು ತೊಡಕಿದೆ. ‘ಹಾಡು’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಒಂದು ‘ಎ’ ಹಾಕಿ ಬರೆದರೆ, ಇನ್ನೊಬ್ಬರು ಎರಡು ಹಾಕುತ್ತಾರೆ. ಹಾಕಿದವರದು ಒಂದು ದಾರಿ, ಹುಡುಕುವವರದು ಇನ್ನೊಂದು. ಕನ್ನಡ ಲಿಪಿಯಲ್ಲಿ ಬರೆದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಇಲ್ಲಿ ಬೆಳೆಯುವ ಮಕ್ಕಳು ಇಂಗ್ಲಿಷಿನಲ್ಲೇ ಟೈಪ್ ಮಾಡುತ್ತಾರಲ್ಲ ಎನ್ನುವಿರಿ. ಸರಿ, ಎರಡನ್ನೂ ಬರೆಯೋಣ: ಶೀರ್ಷಿಕೆ ಕನ್ನಡ ಲಿಪಿಯಲ್ಲಿ, ವಿವರಣೆಯಲ್ಲಿ ಇಂಗ್ಲಿಷ್ ಅಕ್ಷರದ ರೂಪ.

ಇದು ಹೊಸ ಚಿಂತೆಯೇನಲ್ಲ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರ ‘ಕೋಲನ್ ವರ್ಗೀಕರಣ’ ಪ್ರಕಟವಾದದ್ದು 1933ರಲ್ಲಿ. ಪುಸ್ತಕದ ವಿಷಯಕ್ಕೆ ಹಲವು ಮುಖಗಳಿವೆ, ಎಲ್ಲಿಯದು, ಯಾವ ಕಾಲದ್ದು ಎಂಬುದೂ ಅವುಗಳಲ್ಲಿ ಸೇರಿದೆ ಎಂದು ಅವರು ತೋರಿಸಿಕೊಟ್ಟರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಗೆಂದೇ ಒಂದು ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಇಂದಿನ ಫಿಲ್ಟರ್‌ಗಳ ಹಿಂದಿರುವುದು ಅದೇ ಬಗೆಯ ಯೋಚನೆ. ಓದುಗರ ಸಮಯ ಉಳಿಸುವುದು ಗ್ರಂಥಾಲಯದ ಧರ್ಮ ಎಂದು ನಂಬಿದ್ದವರು ಅವರು. ಮೊಮ್ಮಗಳ ಹಾಡಿಗಾಗಿ ಕಾದು ಕೂತ ಅಜ್ಜಿಯ ಸಮಯಕ್ಕೂ ಅದು ಸಲ್ಲಬೇಕಲ್ಲವೇ?

ಆದರೆ ಒಂದು ಆಕ್ಷೇಪ ಬಂದೇ ಬರುತ್ತದೆ, ಅದು ಸರಿಯಾದದ್ದೇ. ಮಕ್ಕಳ ವಿಡಿಯೊ ಎಲ್ಲರಿಗೂ ಸುಲಭವಾಗಿ ಸಿಗುವುದು ಬೇಡ. ಒಪ್ಪಿಗೆಯಿಲ್ಲದೆ ಇತರರ ಚಿತ್ರ ತೆಗೆಯುವುದನ್ನೂ ಹಂಚುವುದನ್ನೂ ಈ ದೇಶದ ಕಾನೂನು ಗಂಭೀರವಾಗಿ ನೋಡುತ್ತದೆ, 2021ರ ಸೈಬರ್ ಅಪರಾಧ ಕಾನೂನಿನಲ್ಲೂ ಇದಕ್ಕೆ ಶಿಕ್ಷೆಯಿದೆ. ಹಾಗಾಗಿ ನಾನು ಹೇಳುವುದು ಹೀಗೆ: ವಿವರ ಬರೆಯಬೇಕಾದದ್ದು ಕೃತಿಗೆ, ಮಗುವಿಗಲ್ಲ. ಪದ್ಯದ ಹೆಸರು ಇರಲಿ, ಮಗುವಿನ ಪೂರ್ತಿ ಹೆಸರು, ಓದುವ ಶಾಲೆ, ಮನೆಯ ಬಡಾವಣೆ ಬೇಡ. ಮಕ್ಕಳ ಮುಖವಿರುವ ವಿಡಿಯೊವನ್ನು ‘ಅನ್‌ಲಿಸ್ಟೆಡ್’ ಮಾಡಿದರೆ ಅದು ಯೂಟ್ಯೂಬಿನ ಹುಡುಕಾಟದಲ್ಲಿ ಬರುವುದಿಲ್ಲ, ಕೊಂಡಿ ಇದ್ದವರಷ್ಟೇ ನೋಡಬಹುದು. ಆ ಕೊಂಡಿಗಳ ಪಟ್ಟಿಯೊಂದನ್ನು ನಾವು ಪೋಷಕರು ನಮ್ಮೊಳಗೇ ಇಟ್ಟುಕೊಳ್ಳೋಣ. ಒಂದು ಸಾಮಾನ್ಯ ಶೀಟ್ ಸಾಕು. ಪದ್ಯ ಅಥವಾ ಪಾಠದ ಹೆಸರು, ಬರೆದವರು, ತರಗತಿ, ವರ್ಷ, ಎಷ್ಟು ನಿಮಿಷ: ಐದೇ ಕಾಲಂ. ಶೀಟಿನಲ್ಲೂ ಫಿಲ್ಟರ್ ಇದೆ. ಶಿಕ್ಷಕರು ಪಾಠ ಹೇಳುವ, ಮಕ್ಕಳು ಕಾಣಿಸದ ವಿಡಿಯೊಗಳನ್ನು ಮಾತ್ರ ಲೋಕಕ್ಕೆ ತೆರೆದಿಡೋಣ, ಅವಕ್ಕೆ ಭಾಷೆ ‘ಕನ್ನಡ’ ಎಂದು ತಪ್ಪದೆ ಗುರುತು ಹಾಕೋಣ. ಅವು ಅಬುಧಾಬಿಯ ಮಗುವಿಗೂ ಕಾಸರಗೋಡಿನ ಮಗುವಿಗೂ ಸಿಗಲಿ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಕೇಳಬೇಡಿ. ಒಂದು ವಿಡಿಯೊಗೆ ಎರಡು ನಿಮಿಷ. ನಾನು ಕಳೆದುಕೊಂಡದ್ದು ನಲವತ್ತೈದು.

ಮಕ್ಕಳೇ, ನಿಮಗೂ ಒಂದು ಮಾತು. ನಿಮ್ಮಲ್ಲಿ ದೊಡ್ಡವರು ಶಾಲೆಯಲ್ಲಿ ಪೈಥಾನ್ ಕಲಿಯುತ್ತಿದ್ದೀರಿ. ಅಪ್ಪ ಅಮ್ಮನ ಜೊತೆ ಕೂತು ಎಪಿಐಯ ಕೀ ಪಡೆದು, ಕನ್ನಡ ಕಥೆಗಳಲ್ಲಿ ನಾಲ್ಕು ನಿಮಿಷದ ಒಳಗಿನವನ್ನು ಮಾತ್ರ ಆರಿಸುವ ಪುಟ್ಟ ಪ್ರೋಗ್ರಾಂ ಬರೆದು ನೋಡಿ. ಮನೆಯ ಕೀಯಂತೆ ಆ ಕೀಯನ್ನೂ ಯಾರಿಗೂ ಕೊಡಬೇಡಿ. ಚಿಕ್ಕವರು ಬೇಸರಪಡಬೇಡಿ, ಶೀಟಿನಲ್ಲಿ ಪದ್ಯದ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡುವ ಕೆಲಸ ನಿಮ್ಮದೇ. ಕಾಗುಣಿತ ತಪ್ಪಾದರೆ ಹುಡುಕಿದವರಿಗೆ ಸಿಗುವುದಿಲ್ಲ, ಆದ್ದರಿಂದ ದೀರ್ಘ, ಒತ್ತು ನೋಡಿಕೊಂಡು ಬರೆಯಿರಿ.

ಈ ಶನಿವಾರ ನಿಮ್ಮ ಫೋನಿನಲ್ಲಿರುವ ಒಂದೇ ಒಂದು ವಿಡಿಯೊಗೆ ಹೆಸರಿಡಿ, ಕನ್ನಡದಲ್ಲಿ. ಆಮೇಲೆ ಊರಿಗೆ ಫೋನ್ ಮಾಡಿ, ಅಜ್ಜಿಗೆ ಯಾವ ಹಾಡು ಬೇಕೆಂದು ಕೇಳಿ.