ಬಿಚ್ಚಿ ನೋಡದ ಪೊಟ್ಟಣ ಅಮಾನತ್ತಲ್ಲ

ಕರಾವಳಿಯ ನಮ್ಮ ಊರುಗಳಲ್ಲಿ ಯುವಕನೊಬ್ಬ ಮೊದಲ ಬಾರಿಗೆ ಗಲ್ಫಿಗೆ ಹೊರಟಿರುವನೆಂದು ತಿಳಿದರೆ ಸಾಕು, ಅವನ ಮನೆಗೆ ಪೊಟ್ಟಣಗಳು ಬರತೊಡಗುತ್ತವೆ. ಒಬ್ಬರ ಅಳಿಯನಿಗೆ ಉಪ್ಪಿನಕಾಯಿ, ಮತ್ತೊಬ್ಬರ ಮಗನಿಗೆ ಮಾತ್ರೆ, ಇನ್ನಾರದೋ ಪರಿಚಯಸ್ಥರಿಗೆ ಟೇಪು ಸುತ್ತಿದ ಡಬ್ಬಿ. ಒಳಗೇನಿದೆಯೆಂದು ಹುಡುಗ ಕೇಳಿದರೆ ಕೊಟ್ಟವರು ಮುಖ ಗಂಟಿಕ್ಕಿಕೊಳ್ಳುತ್ತಾರೆ. ತಂದೆಯೇ ಮಗನನ್ನು ಗದರುತ್ತಾರೆ. ಇದಕ್ಕೆ ನಾವಿಟ್ಟಿರುವ ಹೆಸರು ಅಮಾನತ್ತು.

ನನ್ನ ತಕರಾರು ಈ ಹೆಸರಿನ ಬಗ್ಗೆಯೇ. ಅಮಾನತ್ತನ್ನು ಹಕ್ಕುದಾರರಿಗೆ ಮುಟ್ಟಿಸಬೇಕೆಂದು ಕುರ್‌ಆನ್ ಆದೇಶಿಸಿದೆ, ನಿಜ. ಆದರೆ ಏನೆಂದೇ ಅರಿಯದ ವಸ್ತುವಿನ ಹೊಣೆ ಹೊರಬೇಕೆಂದು ಅದು ಎಲ್ಲಿ ಹೇಳಿದೆ? ಸೂರಾ ಯೂಸುಫ್ ಓದುವವರು ಅರಸನ ಅಳತೆಪಾತ್ರೆಯ ಪ್ರಸಂಗವನ್ನು ನೆನಪಿಸಿಕೊಳ್ಳಲಿ. ಯಾರ ಸಾಮಾನಿನಲ್ಲಿ ಅದು ಸಿಗುವುದೋ ಅವನೇ ಹೊಣೆಗಾರನೆಂದು ಸಹೋದರರು ತಾವೇ ಒಪ್ಪಿಕೊಂಡಿದ್ದರು. ಇಂದಿನ ವಿಮಾನ ನಿಲ್ದಾಣಗಳಲ್ಲಿಯೂ ನಡೆಯುವುದು ಇದೇ ನಿಯಮ. ವ್ಯತ್ಯಾಸವೆಂದರೆ, ಅಲ್ಲಿ ಆ ಪಾತ್ರೆಯನ್ನು ಇರಿಸಿದವರು ತಮ್ಮನನ್ನು ಬಳಿಯಲ್ಲೇ ಉಳಿಸಿಕೊಳ್ಳಬಯಸಿದ ಪ್ರವಾದಿ ಯೂಸುಫ್(ಅ).

2019ರಲ್ಲಿ ಮುಂಬಯಿಯ ದಂಪತಿಯೊಂದು ಸಂಬಂಧಿಕರು ಕೊಟ್ಟ ಪೊಟ್ಟಣದೊಂದಿಗೆ ಕತರ್‌ನ ದೋಹಾದಲ್ಲಿ ಇಳಿಯಿತು. ಅದರೊಳಗೆ ಸುಮಾರು 4 ಕಿಲೋ ಚರಸ್ ಇತ್ತು. ಶಿಕ್ಷೆ 10 ವರ್ಷ. ಅವರ ಮಗು ಹುಟ್ಟಿದ್ದು ಸೆರೆವಾಸದಲ್ಲಿ. ಕೊನೆಗೆ ಖುಲಾಸೆಗೊಂಡು 2021ರಲ್ಲಿ ಮರಳಿದರು. ಕೊಟ್ಟವರು ಪರಕೀಯರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸೌದಿ ಅರೇಬಿಯಾದಲ್ಲಿಯಾದರೆ ಮಾದಕ ವಸ್ತು ಸಾಗಾಟಕ್ಕೆ ಮರಣದಂಡನೆಯೂ ಇದೆ.

ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. ಪಾಯಸಕ್ಕೆಂದು ತಾಯಿ ಕಟ್ಟಿಕೊಡುವ ಗಸಗಸೆ ಸೌದಿಯಲ್ಲಿಯೂ ಯುಎಇಯಲ್ಲಿಯೂ ನಿಷಿದ್ಧ. ಇಲ್ಲಿ ಔಷಧದಂಗಡಿಯಲ್ಲಿ ಸಿಗುವ ಟ್ರಮಡಾಲ್ ಮಾತ್ರೆ, ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪು ಅಲ್ಲಿ ನಿಯಂತ್ರಿತ ಮಾದಕಗಳು. ಅವುಗಳಿಗೆ ಸ್ವಂತ ಹೆಸರಿನ ವೈದ್ಯರ ಚೀಟಿ ಬೇಕು, ಯುಎಇಯಲ್ಲಿ ಸರಕಾರದ ಪೂರ್ವಾನುಮತಿಯೂ ಬೇಕು. ಪರರ ಮಾತ್ರೆಗೆ ನಿಮ್ಮ ಹುಡುಗ ಯಾವ ಚೀಟಿ ತೋರಿಸಿಯಾನು?

‘ಇಷ್ಟು ವರ್ಷ ಒಯ್ದಿದ್ದೇವೆ, ಏನೂ ಆಗಿಲ್ಲ’ ಎನ್ನುವ ಹಿರಿಯರಿದ್ದಾರೆ. ‘ಅಲ್ಲಾಹನ ಮೇಲೆ ಭರವಸೆಯಿಡು’ ಎನ್ನುವವರೂ ಇದ್ದಾರೆ. ಅಲ್ಲಾಹನ ಮೇಲಿನ ಭರವಸೆಯನ್ನು ನೆರೆಮನೆಯವರ ಡಬ್ಬಿಗೆ ವರ್ಗಾಯಿಸುವುದು ಯಾವ ತವಕ್ಕುಲ್? ಅರಬಿ ಓದಲಾರದ ಇಪ್ಪತ್ತರ ಹುಡುಗ ಕಸ್ಟಮ್ಸ್ ಅಧಿಕಾರಿಯ ಮುಂದೆ ಒಂಟಿಯಾಗಿ ನಿಂತಾಗ ಈ ಹಿರಿಯರಾರೂ ಪಕ್ಕದಲ್ಲಿರುವುದಿಲ್ಲ.

ಆದುದರಿಂದ ಕೊಡುವವರು ಹೊರಡುವವನ ಮನೆಯವರೆಲ್ಲರ ಎದುರಲ್ಲಿ ಪೊಟ್ಟಣ ಬಿಚ್ಚಿ ತೋರಿಸಲಿ. ಅವನೇ ಅದನ್ನು ಮತ್ತೆ ಕಟ್ಟಲಿ. ಔಷಧವಾದರೆ ಒಯ್ಯುವುದೇ ಬೇಡ. ಇದರಿಂದ ಬೇಸರವಾಗುವವರು ತಮ್ಮದೇ ಹೆಸರು, ವಿಳಾಸ ಬರೆದು ಕೊರಿಯರ್‌ನಲ್ಲಿ ಕಳುಹಿಸಲಿ.