ದಾವಣಗೆರೆ ಎಕ್ಸ್‌ಪ್ರೆಸ್ ನಮ್ಮೂರಲ್ಲಿ ನಿಲ್ಲಲ್ಲ

ಹೋದ ತಿಂಗಳು ಊರಿಗೆ ಹೋಗಿದ್ದೆ. ಚನ್ನಗಿರಿ ಬಸ್ ಸ್ಟ್ಯಾಂಡಲ್ಲಿ ಇಳಿದು ಟೀ ಕುಡೀತಾ ನಿಂತಿದ್ದಾಗ ಹೈಸ್ಕೂಲ್ ಗೆಳೆಯನೊಬ್ಬ ಸಿಕ್ಕ. ಈಗ ಅಡಿಕೆ ಚೇಣಿ ಮಾಡ್ತಾನೆ. ರೇಟು, ಮಳೆ, ಕೊಳೆರೋಗ ಎಲ್ಲಾ ಮಾತಾಡಿ ಆದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕೇಳ್ಬೇಕಿತ್ತು ಮಾರಾಯ, ಮಗನ್ನ ಬೆಂಗಳೂರಿಗೆ ಕಳಿಸ್ಲಾ ಬೇಡ್ವಾ?" ಅಂದ.

ಓದೋಕಲ್ಲ, ಕ್ರಿಕೆಟ್‌ಗೆ. ಹುಡುಗನಿಗೆ ಹದಿನಾಲ್ಕು. ಒಂಬತ್ತನೇ ಕ್ಲಾಸು. ಫಾಸ್ಟ್ ಬೌಲರ್. ಬೆಂಗಳೂರಿನ ಒಂದು ಅಕಾಡೆಮಿಯವರು ನೋಡಿದ್ದಾರೆ, "ಇಲ್ಲೇ ಬಿಡಿ, ಹಾಸ್ಟೆಲ್ ಇದೆ, ಫೀಸು ಇಷ್ಟು" ಅಂದಿದ್ದಾರೆ. ಆ "ಇಷ್ಟು" ಎಷ್ಟು ಅಂತ ಕೇಳಿ ನನ್ನ ಟೀ ಆರಿಹೋಯ್ತು. ಒಂದು ತೋಟದ ಚೇಣಿಗೆ ಕೊಡೋ ಮುಂಗಡ ಅದು.

ತಟ್ಟಂತ ಉತ್ತರ ಹೇಳೋಕೆ ಆಗ್ಲಿಲ್ಲ. ಯಾಕಂದ್ರೆ ಈ ಗೆಳೆಯನ ಕಥೆ ನನಗೆ ಗೊತ್ತು. ನಮ್ಮ ಶಾಲೆಯಲ್ಲಿ ಇವನಷ್ಟು ಸ್ಪೀಡಾಗಿ ಬಾಲ್ ಹಾಕೋರು ಯಾರೂ ಇರಲಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ, ತಗ್ಗು ದಿಣ್ಣೆ ಪಿಚ್ಚಲ್ಲಿ, ಇವನ ಟೆನಿಸ್ ಬಾಲ್ ಯಾವಾಗ ಬಂತು ಯಾವಾಗ ಹೋಯ್ತು ಗೊತ್ತಾಗ್ತಿರಲಿಲ್ಲ. ತೊಂಬತ್ತರ ದಶಕದ ಕೊನೆ. ಎಲ್ಲೋ ಸೆಲೆಕ್ಷನ್ ಇದೆ ಅಂತ ಪೇಪರಲ್ಲಿ ಓದಿ ಇಬ್ಬರೂ ಮುಂಜಾನೆ ಮೊದಲನೇ ಬಸ್ಸಿಗೆ ಹೊರಟ್ವಿ. ಎರಡು ಬಸ್ಸು ಬದಲಿಸಿ ಹೋದಾಗ ನೂರಾರು ಹುಡುಗರು ಬಿಳಿ ಬಟ್ಟೆ ಹಾಕ್ಕೊಂಡು ನಿಂತಿದ್ರು. ಇವನದು ಸ್ಕೂಲ್ ಪ್ಯಾಂಟು, ಕ್ಯಾನ್ವಾಸ್ ಶೂ. ಮಧ್ಯಾಹ್ನದ ಮೇಲೆ ಪಾಳಿ ಬಂತು. ಕೈಗೆ ಲೆದರ್ ಬಾಲ್ ಕೊಟ್ರು. ಅವನ ಜೀವನದಲ್ಲೇ ಮೊದಲ ಸಲ ಅದನ್ನ ಹಿಡಿದದ್ದು.

ಸಾಮಾನ್ಯ ಟೆನಿಸ್ ಬಾಲ್ ತೂಕ 58 ಗ್ರಾಂ ಆಸುಪಾಸು. ಲೆದರ್ ಬಾಲ್ ಸುಮಾರು 160 ಗ್ರಾಂ. ಮೂರು ಪಟ್ಟು ಹತ್ತಿರ. ಹೊಲಿಗೆಯ ಮೇಲೆ ಬೆರಳು ಎಲ್ಲಿಡಬೇಕು, ಎಲ್ಲಿ ಬಿಡಬೇಕು, ಯಾರೂ ಹೇಳಿಕೊಟ್ಟಿರಲಿಲ್ಲ. ಆರು ಬಾಲ್ ಹಾಕಿದ. ಎರಡು ಲೆಗ್ ಸೈಡಿಗೆ ಹೋದವು, ಎರಡು ಅರ್ಧ ಪಿಚ್ಚಲ್ಲೇ ಬಿದ್ದವು. "ಮುಂದಿನ ವರ್ಷ ಬಾಪ್ಪಾ" ಅಂದ್ರು. ಅವರದೇನೂ ತಪ್ಪಿಲ್ಲ, ಅವರು ನೋಡಿದ್ದು ಆ ಆರು ಬಾಲನ್ನ ಮಾತ್ರ. ವಾಪಸ್ ಬರುವಾಗ ಬಸ್ಸಲ್ಲಿ ಇವನು ಒಂದು ಮಾತೂ ಆಡಲಿಲ್ಲ. ಮುಂದಿನ ವರ್ಷ ಹೋಗಲೂ ಇಲ್ಲ.

ಈಗ ಅವನ ಮಗನ ಸರದಿ. ಹಾಗಾಗಿ ಅವನ ಪ್ರಶ್ನೆ ಬರೀ ಫೀಸಿನ ಪ್ರಶ್ನೆ ಅಲ್ಲ ಅಂತ ನನಗೆ ಗೊತ್ತಿತ್ತು.

ಕ್ರಿಕೆಟ್‌ನ ಏಣಿ ಹೇಗಿದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ನಾವು ಟಿವಿಯಲ್ಲಿ ನೋಡೋದು ಐಪಿಎಲ್ಲು, ಇಂಡಿಯಾ ಟೀಮು. ಅದರ ಕೆಳಗೆ ರಣಜಿ. ಅದರ ಕೆಳಗೆ 23ರೊಳಗಿನವರ ಸಿ.ಕೆ. ನಾಯುಡು ಟ್ರೋಫಿ, 19ರೊಳಗಿನವರ ಕೂಚ್ ಬೆಹಾರ್ ಟ್ರೋಫಿ, 16ರೊಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿ. ಅದರಲ್ಲಿ ರಾಜ್ಯ ತಂಡಕ್ಕೆ ಬರಬೇಕಾದರೆ ಮೊದಲು ವಲಯದ ತಂಡಕ್ಕೆ ಬರಬೇಕು. ರಾಜ್ಯ ಕ್ರಿಕೆಟ್ ಸಂಸ್ಥೆಗೆ ಬೆಂಗಳೂರು ಬಿಟ್ಟರೆ ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು ಅಂತ ವಲಯಗಳಿವೆ. ನಮ್ಮ ದಾವಣಗೆರೆ ಜಿಲ್ಲೆ ತುಮಕೂರು ವಲಯಕ್ಕೆ ಸೇರುತ್ತೆ. ವಲಯಕ್ಕೆ ಬರಬೇಕಾದರೆ ಲೀಗ್ ಆಡುವ ಕ್ಲಬ್ಬಿನಲ್ಲಿ ಇರಬೇಕು. ಕ್ಲಬ್ಬಿಗೆ ಸೇರಬೇಕಾದರೆ ಲೆದರ್ ಬಾಲಲ್ಲಿ ಆಡೋಕೆ ಬರಬೇಕು. ಲೆದರ್ ಬಾಲಲ್ಲಿ ಆಡಬೇಕಾದರೆ ಪಿಚ್ ಬೇಕು, ನೆಟ್ ಬೇಕು, ಹೇಳಿಕೊಡೋರು ಬೇಕು. ಇಲ್ಲಿಗೆ ಬಂದು ನಮ್ಮ ತಾಲ್ಲೂಕಿನ ಹುಡುಗ ನಿಂತುಬಿಡ್ತಾನೆ. ಏಣಿಯ ಮೊದಲ ಮೆಟ್ಟಿಲೇ ಅವನ ತಲೆಯ ಮೇಲಿದೆ.

"ಹಂಗಾದ್ರೆ ವಿನಯ್ ಕುಮಾರ್ ಹೆಂಗೆ ಬಂದ?" ಈ ವಿಷಯ ಮಾತಾಡಿದಾಗೆಲ್ಲ ಯಾರಾದ್ರೂ ಕೇಳೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆಟೋ ಓಡಿಸ್ತಿದ್ದ ತಂದೆಯ ಮಗ, ದಾವಣಗೆರೆಯಲ್ಲೇ ಹುಟ್ಟಿ ಬೆಳೆದವರು. 2004ರಲ್ಲಿ ಕರ್ನಾಟಕಕ್ಕೆ ಆಡೋಕೆ ಶುರು ಮಾಡಿ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದ್ರು. 2013-14 ಮತ್ತು 2014-15, ಎರಡು ವರ್ಷ ಸಾಲಾಗಿ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಗೆದ್ದಿತು. 1998-99ರ ನಂತರ ನಮಗೆ ರಣಜಿ ಬಂದಿರಲೇ ಇಲ್ಲ. ಇಷ್ಟೆಲ್ಲಾ ಮಾಡಿದ ಮನುಷ್ಯನ ಬಗ್ಗೆ ಮಾತಾಡುವಾಗ ಟಿವಿ ಮುಂದೆ ಕೂತ ಜನ ನೆನಪಿಟ್ಟಿರೋದು 2013ರ ನವೆಂಬರಲ್ಲಿ ಬೆಂಗಳೂರಲ್ಲಿ ಆಸ್ಟ್ರೇಲಿಯಾದವರು ಅವರ 9 ಓವರಿಗೆ ಹೊಡೆದ 102 ರನ್ನನ್ನ! ಇರಲಿ. 2021ರ ಫೆಬ್ರವರಿಯಲ್ಲಿ ನಿವೃತ್ತಿ ಹೇಳುವಾಗ ಅವರೇ ತಮಾಷೆಯಾಗಿ ತಮ್ಮನ್ನು ರೈಲಿಗೆ ಹೋಲಿಸಿ ಬರೆದಿದ್ರು, ದಾವಣಗೆರೆ ಎಕ್ಸ್‌ಪ್ರೆಸ್ ಕೊನೇ ಸ್ಟೇಷನ್ನಿಗೆ ಬಂತು ಅನ್ನೋ ಅರ್ಥದಲ್ಲಿ.

ಆದರೆ ಒಂದು ಗಮನಿಸಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಪಟ್ಟಣಗಳಲ್ಲಿ ರೈಲ್ವೇ ಸ್ಟೇಷನ್ನೇ ಇಲ್ಲ. ಎಕ್ಸ್‌ಪ್ರೆಸ್ ಹತ್ತಬೇಕಾದರೆ ನಾವು ಮೊದಲು ಬಸ್ಸಲ್ಲಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ಕ್ರಿಕೆಟ್ ಎಕ್ಸ್‌ಪ್ರೆಸ್ಸೂ ಹಾಗೇ. ಜಿಲ್ಲಾ ಕೇಂದ್ರದ ಹುಡುಗನಿಗೆ ಕಷ್ಟ ಇದೆ, ಆದರೆ ಕ್ಲಬ್ಬು, ಮೈದಾನ ಸೈಕಲ್ ದೂರದಲ್ಲಿರುತ್ತೆ. ನಮ್ಮ ಹುಡುಗರಿಗೆ ಅದು ಐವತ್ತು ಅರವತ್ತು ಕಿಲೋಮೀಟರ್. ಸುನಿಲ್ ಜೋಶಿ ಗದಗದಿಂದ ಹುಬ್ಬಳ್ಳಿಗೆ ಬೆಳಗಾಗೋದರೊಳಗೆ ಹೋಗಿ, ಪ್ರಾಕ್ಟೀಸ್ ಮುಗಿಸಿ, ಮತ್ತೆ ಊರಿಗೆ ಬಂದು ಶಾಲೆಗೆ ಹೋಗ್ತಿದ್ದರು. ದೊಡ್ಡ ಮಾತು, ಕೈ ಮುಗೀಬೇಕು. ಆದರೆ ಹಾಗೆ ಹೋಗಲಾರದ ನೂರು ಹುಡುಗರ ಹೆಸರು ನಮಗೆ ಗೊತ್ತಾಗೋದೇ ಇಲ್ಲ. ನಮ್ಮ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಕೂಡ ಆಟ ಕಲಿತದ್ದು ಬೆಂಗಳೂರಲ್ಲಿ. (ಅಂದಹಾಗೆ ವಿಶಿ ಮತ್ತು ವಿನಯ್ ಇಬ್ಬರ ಹುಟ್ಟುಹಬ್ಬವೂ ಫೆಬ್ರವರಿ 12!)

ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ಒಬ್ಬ ಈಜಿ ಆಚೆ ದಡ ಸೇರಿದ ಅಂದ್ರೆ, ಅವನ ತೋಳಿನ ಶಕ್ತಿ ಹೊಗಳಬೇಕು. ಅದನ್ನೇ ತೋರಿಸಿ ಸೇತುವೆ ಬೇಡ ಅನ್ನಬಾರದು ಅಲ್ವಾ?

ನಮ್ಮ ಕಡೆ ಆಟ ಇಲ್ಲ ಅಂತಲ್ಲ. ಡಿಸೆಂಬರ್ ಬಂದರೆ ಸಾಕು, ನಾಲ್ಕೂ ತಾಲ್ಲೂಕಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು. ಫ್ಲೆಕ್ಸು, ಮೈಕು, ಹುಡುಗನಿಗಿಂತ ಎತ್ತರದ ಟ್ರೋಫಿ, ಯಾರದೋ ಹುಟ್ಟುಹಬ್ಬದ ಹೆಸರಲ್ಲಿ ನಗದು ಬಹುಮಾನ. ನ್ಯಾಮತಿ ಕಡೆಯ ತಾಂಡಾದ ಹುಡುಗರ ಫೀಲ್ಡಿಂಗ್ ನೋಡಬೇಕು ನೀವು. ಜಗಳೂರಿನ ಆ ಒಣ ನೆಲದಲ್ಲಿ ಬರಿಗಾಲಲ್ಲಿ ಬೌಂಡರಿ ಉಳಿಸ್ತಾರೆ. "ಹೊನ್ನಾಳಿ ಹೊಡೆತ" ಅನ್ನೋ ಮಾತು ಬೇರೆ ಕಾರಣಕ್ಕೆ ಬಂದದ್ದಿರಬಹುದು, ಆದರೆ ಅಲ್ಲಿನ ಹುಡುಗರು ಸಿಕ್ಸ್ ಹೊಡೆಯೋದು ನೋಡಿದಾಗ ನನಗೆ ಅದೇ ನೆನಪಾಗುತ್ತೆ :) ಅಲ್ಲಿಗೆ ಬರದೇ ಇರೋರು ಒಬ್ಬರೇ, ಆಯ್ಕೆಗಾರರು. ಹದಿನೈದು ವರ್ಷದ ಹುಡುಗ ಅಲ್ಲಿ ಹೀರೋ ಆಗ್ತಾನೆ, ಇಪ್ಪತ್ತೈದಕ್ಕೂ ಅಲ್ಲೇ ಹೀರೋ, ಆಮೇಲೆ ಅಂಪೈರು.

ಇನ್ನು ಸ್ವಲ್ಪ ದೂರದ ಕಥೆ. ಕೆಲವು ವರ್ಷದ ಹಿಂದೆ ಆಫೀಸ್ ಕೆಲಸದ ಮೇಲೆ ಅಮೆರಿಕದ ಶಾರ್ಲಟ್‌ಗೆ ಹೋಗಿದ್ದೆ. ಅಲ್ಲಿದ್ದ ಗೆಳೆಯ ಒಂದು ಸಂಜೆ ಪಕ್ಕದ ಊರಿಗೆ ಬೇಸ್‌ಬಾಲ್ ನೋಡೋಕೆ ಕರ್ಕೊಂಡು ಹೋದ. ಊರ ಹೆಸರು ಕನ್ನಾಪೊಲಿಸ್. ನಮ್ಮೋರೇ ಇಟ್ಟಂಗಿದೆ ಅಲ್ವಾ? ಜನಸಂಖ್ಯೆ ಐವತ್ತು ಸಾವಿರ ಚಿಲ್ಲರೆ. ಒಂದು ಕಾಲಕ್ಕೆ ಟವೆಲ್ ಮಿಲ್ಲಿಗೆ ಹೆಸರಾಗಿದ್ದ ಊರು, 2003ರಲ್ಲಿ ಮಿಲ್ಲು ಮುಚ್ಚಿ ಸಾವಿರಾರು ಜನ ಒಂದೇ ದಿನ ಕೆಲಸ ಕಳ್ಕೊಂಡರು. ಕೇಳಿದಾಗ ನನಗೆ ದಾವಣಗೆರೆಯ ಮುಚ್ಚಿದ ಕಾಟನ್ ಮಿಲ್ಲುಗಳು ಕಣ್ಣಮುಂದೆ ಬಂದವು. ಅಂಥ ಊರಿನ ನಡುಮಧ್ಯೆ ಚೊಕ್ಕವಾದ ಸ್ಟೇಡಿಯಮ್ಮು, ಅಲ್ಲೊಂದು ತಂಡ. ಆ ತಂಡ ಶಿಕಾಗೋದ ವೈಟ್ ಸಾಕ್ಸ್ ಅನ್ನೋ ದೊಡ್ಡ ಕ್ಲಬ್ಬಿನ ಏಣಿಯ ಕೆಳಗಿನ ಮೆಟ್ಟಿಲು. ಹತ್ತೊಂಬತ್ತು ಇಪ್ಪತ್ತರ ಹುಡುಗರು ಅಲ್ಲಿ ಆಡಿ, ಗೆದ್ದರೆ ಮೇಲಿನ ಮೆಟ್ಟಿಲಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗ್ತಾರೆ. ಹೀಗೆ ನಾಲ್ಕು ಹಂತ, ಒಟ್ಟು 120 ತಂಡಗಳು, ಹೆಚ್ಚಿನವು ಸಣ್ಣ, ಮಧ್ಯಮ ಊರುಗಳಲ್ಲಿ.

ನನಗೆ ಆಶ್ಚರ್ಯ ಆಗಿದ್ದು ಸ್ಟೇಡಿಯಂ ನೋಡಿ ಅಲ್ಲ. ಆ ಹುಡುಗರಿಗೆ ಸಂಬಳ ಇದೆ ಅಂತ ಗೊತ್ತಾದಾಗ. ಕೆಳಗಿನ ಮೆಟ್ಟಿಲಲ್ಲೂ! ಹಾಗಂತ ಅದೇನು ಸ್ವರ್ಗ ಅಲ್ಲ. ಬಹಳ ವರ್ಷ ಅಲ್ಲಿನ ಕ್ಲಬ್ಬುಗಳು ಈ ಹುಡುಗರಿಗೆ ಚಿಲ್ಲರೆ ಕಾಸು ಕೊಟ್ಟು ದುಡಿಸಿಕೊಂಡವು. ಒಂದೇ ಮನೆಯಲ್ಲಿ ಆರೇಳು ಜನ ನೆಲದ ಮೇಲೆ ಮಲಗ್ತಿದ್ರಂತೆ. ಆಟಗಾರರು ಕೋರ್ಟಿಗೆ ಹೋದರು, 2022ರಲ್ಲಿ ಕ್ಲಬ್ಬುಗಳು 18.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಅದೇ ವರ್ಷದಿಂದ ಕ್ಲಬ್ಬುಗಳೇ ವಸತಿ ಕೊಡಬೇಕಾಯ್ತು, ಆಟಗಾರರು ಯೂನಿಯನ್ ಕಟ್ಟಿದರು. 2023ರ ಒಪ್ಪಂದದ ಪ್ರಕಾರ ಅತಿ ಕೆಳಗಿನ ಹಂತದವನಿಗೆ ವರ್ಷಕ್ಕೆ ಕನಿಷ್ಠ 19,800 ಡಾಲರ್, ಮೇಲಿನ ಹಂತದವನಿಗೆ 35,800. ಅಲ್ಲೂ ಬಹುಪಾಲು ಹುಡುಗರು ಕೊನೇ ಮೆಟ್ಟಿಲು ಮುಟ್ಟೋದಿಲ್ಲ. ಆದರೆ ಸೋತಾಗ ಅಪ್ಪನ ತೋಟ ಹೋಗಿರಲ್ಲ.

ನಮ್ಮವರೇ ಇಬ್ಬರು ಆ ಏಣಿ ಹತ್ತಿದ್ದರು, ನೆನಪಿದೆಯಾ? ಉತ್ತರ ಪ್ರದೇಶದ ಹಳ್ಳಿಗಳ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಜಾವೆಲಿನ್ ಎಸೀತಿದ್ದವರು, ಬೇಸ್‌ಬಾಲ್ ಕಂಡೇ ಇರಲಿಲ್ಲ. 2008ರಲ್ಲಿ ಒಂದು ಟಿವಿ ಸ್ಪರ್ಧೆಯಿಂದ ಆರಿಸಿ, ಕಲಿಸಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ಬಿನವರು ಒಪ್ಪಂದ ಮಾಡಿಕೊಂಡರು. ಇಬ್ಬರೂ ಮೇಲಿನ ಮೆಟ್ಟಿಲು ಮುಟ್ಟಲಿಲ್ಲ. ಆದರೆ ಹಳ್ಳಿ ಹುಡುಗರನ್ನ ಹುಡುಕಿಕೊಂಡು ಹೋಗಿ, ಖರ್ಚು ತಾವೇ ಹಾಕಿ ನೋಡಿದರಲ್ಲ, ಆ ಬುದ್ಧಿ ನಮ್ಮ ಕ್ರಿಕೆಟ್ಟಿಗೆ ಯಾಕಿಲ್ಲ?

ದುಡ್ಡಿಲ್ಲ ಅನ್ನಬೇಡಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. 2021ರಲ್ಲಿ ಮಂಡಳಿ ಸಂಭಾವನೆ ಹೆಚ್ಚಿಸಿದಾಗ ರಣಜಿ ಆಟಗಾರನಿಗೆ ದಿನಕ್ಕೆ 40ರಿಂದ 60 ಸಾವಿರ ನಿಗದಿ ಮಾಡಿತು. ಬಹಳ ಒಳ್ಳೇದು, ಅವರ ದುಡಿಮೆಗೆ ಸಿಗಲೇಬೇಕು. ಆದರೆ ರಾಜ್ಯ ತಂಡದ ಬಾಗಿಲಿನವರೆಗೆ ಬರೋ ಪೂರಾ ಖರ್ಚು ಅಪ್ಪನ ಜೇಬಿನದು. ಬ್ಯಾಟು, ಪ್ಯಾಡು, ಶೂ, ಬಸ್ಸು, ಫೀಸು, ಊಟ. ಅಂದರೆ ನಾವು ಆರಿಸ್ತಿರೋದು ಒಳ್ಳೆ ಬೌಲರನ್ನೋ, ಖರ್ಚು ಮಾಡೋ ತಾಕತ್ತಿರೋ ಅಪ್ಪನ್ನೋ?

ಹೆಣ್ಣುಮಕ್ಕಳ ವಿಷಯ ಇನ್ನೂ ವಿಚಿತ್ರ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜಗಳೂರಿನ ಹುಡುಗಿ ದಾವಣಗೆರೆಗೆ ಸರ್ಕಾರಿ ಬಸ್ಸಲ್ಲಿ ದುಡ್ಡಿಲ್ಲದೆ ಹೋಗಿಬರಬಹುದು. ಅವಳ ಅಣ್ಣನಿಗಿಲ್ಲದ ಅನುಕೂಲ! ಅದೇ ವರ್ಷ ಮಹಿಳೆಯರ ಪ್ರೀಮಿಯರ್ ಲೀಗೂ ಶುರುವಾಯ್ತು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದದ್ದನ್ನ ನಾವೆಲ್ಲ ನೋಡಿದ್ದೇವೆ. ಆದರೆ ನಮ್ಮ ಊರುಗಳ ಟೂರ್ನಮೆಂಟಲ್ಲಿ ಹುಡುಗಿಯರ ಒಂದು ಮ್ಯಾಚನ್ನೂ ನಾನು ಈವರೆಗೆ ಕಂಡಿಲ್ಲ.

ನಾನು ಕೇಳೋದು ಸ್ಟೇಡಿಯಂ ಅಲ್ಲ. ತಾಲ್ಲೂಕಿಗೊಂದು ಮ್ಯಾಟಿಂಗ್ ಪಿಚ್ಚು, ಎರಡು ನೆಟ್ಟು, ವಾರಕ್ಕೆರಡು ದಿನ ಬರುವ ಒಬ್ಬ ಕೋಚು. ವರ್ಷಕ್ಕೊಂದು ಸಲ ಆಯ್ಕೆಗಾರರೇ ಬಸ್ಸು ಹತ್ತಿ ತಾಲ್ಲೂಕಿಗೆ ಬರಲಿ, ಒಂದು ದಿನ ಅಲ್ಲ, ಮೂರು ದಿನ ನೋಡಲಿ. ಆಯ್ಕೆಯಾದ ಹುಡುಗರ ಬಸ್ ಚಾರ್ಜು, ಊಟ ಸಂಸ್ಥೆಯದೇ ಆಗಲಿ. ಸೇಲಂ ಹತ್ತಿರದ ಚಿನ್ನಪ್ಪಂಪಟ್ಟಿ ಅನ್ನೋ ಹಳ್ಳಿಯ ನಟರಾಜನ್ ಇಪ್ಪತ್ತರವರೆಗೂ ಟೆನಿಸ್ ಬಾಲಲ್ಲೇ ಆಡಿದವರು. ಇಂಡಿಯಾಗೆ ಆಡಿದ ಮೇಲೆ 2023ರಲ್ಲಿ ತಮ್ಮ ಹಳ್ಳಿಯಲ್ಲೇ ಮೈದಾನ ಮಾಡಿಸಿದರು. ತಾನು ಹತ್ತಲು ಪಟ್ಟ ಪಾಡು ಗೊತ್ತಿದ್ದವನು ಮಾಡೋ ಕೆಲಸ ಅದು. ಆದರೆ ಒಬ್ಬ ಆಟಗಾರನ ಸ್ವಂತ ದುಡ್ಡಲ್ಲಿ ಆಗಬೇಕಾದ ಕೆಲಸವಾ ಇದು?

ಗೆಳೆಯನಿಗೆ ಕೊನೆಗೆ ಏನು ಹೇಳಿದೆ ಅಂತ ಕೇಳ್ತೀರಾ? "ಬೆಂಗಳೂರಿಗೆ ಈಗ ಬೇಡ. ಎಸ್ಸೆಸ್ಸೆಲ್ಸಿ ಮುಗೀಲಿ. ಶನಿವಾರ ಭಾನುವಾರ ದಾವಣಗೆರೆಗೆ ಕಳಿಸು, ಅಲ್ಲಿ ಕ್ಲಬ್ಬಲ್ಲಿ ಆಡಲಿ. ಸಾಲ ಮಾತ್ರ ಮಾಡಬೇಡ" ಅಂದೆ. ತಲೆ ಆಡಿಸಿದ. ಆಮೇಲೆ, "ಅಷ್ಟರಲ್ಲಿ ಹದಿನಾರು ದಾಟುತ್ತಲ್ಲೋ" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಾನು ಹೇಳಿದ್ದು ಸರಿಯಾದ ಸಲಹೆ ಅಂತ ನನಗೆ ಗೊತ್ತು, ಆ ಹುಡುಗನಿಗೆ ಅನ್ಯಾಯ ಅಂತಲೂ ಗೊತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಮ್ಮ ಬ್ಯಾಚಿನ ಏಳೆಂಟು ಜನಕ್ಕೆ ಫೋನ್ ಮಾಡಿದೆ. ಹೈಸ್ಕೂಲ್ ಮೈದಾನದ ಮೂಲೆಯಲ್ಲಿ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿ, ಮೇಲೊಂದು ಮ್ಯಾಟು, ಸುತ್ತ ಒಂದು ನೆಟ್ಟು. ಹೆಡ್‌ಮಾಸ್ಟರು ಒಪ್ಪಿದ್ದಾರೆ. ದುಡ್ಡು ಅರ್ಧ ಸೇರಿದೆ. ಲೆದರ್ ಬಾಲ್ ಹಿಡಿಯೋದು ಹೇಗೆ ಅಂತ ಹೇಳಿಕೊಡೋಕೆ ಯಾರು ಬರ್ತಾರೆ ಅನ್ನೋದು ಇನ್ನೂ ಬಗೆಹರಿದಿಲ್ಲ.

ನಿಮ್ಮ ಊರಲ್ಲಿ ಇಂಥದ್ದು ಯಾರಾದ್ರೂ ಮಾಡಿದ್ದರೆ, ಹೇಗೆ ಮಾಡಿದ್ರಿ ಅಂತ ದಯವಿಟ್ಟು ತಿಳಿಸಿ.